ಬೈಲಾದ ಕರಡು ಕೈಗೆ ಬಂದಾಗ: ಪುರಸಭೆಯ ನಿಯಮವನ್ನು ಕಾಯ್ದೆಗೆ ಹಚ್ಚಿ ನೋಡಿದ ಬಗೆ

ಪುರಸಭೆಯ ಬೈಲಾದ, ಅಂದರೆ ಕಾಯ್ದೆಯಡಿ ಪುರಸಭೆ ತನ್ನ ಊರಿಗೆ ಮಾಡಿಕೊಳ್ಳುವ ಉಪನಿಯಮದ, ಕರಡು ಸಿಕ್ಕಿದೊಡನೆ ಎಲ್ಲರೂ ತಿರುವಿ ನೋಡುವುದು ಕೊನೆಯ ಪುಟದ ದರಪಟ್ಟಿಯನ್ನು. ಮೊದಲು ಓದಬೇಕಾದ್ದು ಮೊದಲ ಪ್ಯಾರಾ. 'ಕರ್ನಾಟಕ ಪುರಸಭೆಗಳ ಕಾಯ್ದೆ 1964ರ 324ನೇ ಪ್ರಕರಣದಡಿ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ' ಎಂದು ಶುರುವಾಗುವ ಆ ವಾಕ್ಯವನ್ನು (ಕಾಯ್ದೆಯ ಪ್ರಕರಣ ಎಂದರೆ ಸೆಕ್ಷನ್) ಬರೆದವರೂ ಓದಿರುವುದಿಲ್ಲ, ಓದುವವರೂ ದಾಟಿ ಹೋಗುತ್ತಾರೆ. ಆದರೆ ಇಡೀ ಬೈಲಾ ನಿಂತಿರುವುದು ಅದರ ಮೇಲೆ. ಪುರಸಭೆ ಶಾಸನಸಭೆಯಲ್ಲ. ನಿಯಮ ಮಾಡುವ ಅಧಿಕಾರ ಅದಕ್ಕೆ ವಿಧಾನಮಂಡಲದಿಂದ ಕಡ ಬಂದದ್ದು. ಎಷ್ಟು ಕೊಟ್ಟಿದ್ದಾರೋ ಅಷ್ಟೇ ಇದೆ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ. ಹಾಗಾಗಿ ಪ್ರತಿ ಕಲಮಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಧಿಕಾರ ಎಲ್ಲಿಂದ ಬಂತು?

ನಮ್ಮ ಕೈಗೆ ಬಂದದ್ದು ಉತ್ತರ ಕನ್ನಡ ಕರಾವಳಿಯ ಒಂದು ಪುರಸಭೆಯ ಘನತ್ಯಾಜ್ಯ ಬೈಲಾದ ಕರಡು. ಊರಿನ ಹೆಸರು ಬೇಡ. ಇಂಥ ಕರಡುಗಳು ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಕೇಂದ್ರ ಸರ್ಕಾರ 2016ರ ಏಪ್ರಿಲ್ 8ರಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿ, ಒಂದು ವರ್ಷದೊಳಗೆ ಬೈಲಾ ಮಾಡಿಕೊಳ್ಳಿ ಎಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿತು. ಮೇಲಿನಿಂದ ಮಾದರಿ ಬಂತು. ಖಾಲಿ ಬಿಟ್ಟ ಜಾಗದಲ್ಲಿ ಊರಿನ ಹೆಸರು, ದರ, ದಂಡ ತುಂಬಿದರೆ ಕರಡು ಸಿದ್ಧ. ನಮ್ಮ ಪ್ರತಿಯಲ್ಲಿ ಒಂದು ಕಡೆ ಘಟ್ಟದ ಮೇಲಿನ ಬೇರೊಂದು ಊರಿನ ಹೆಸರು ಹಾಗೇ ಉಳಿದಿತ್ತು. ಅದನ್ನು ಹಿಡಿದು ನಗಬಹುದು, ಅಷ್ಟೆ. ಮಾದರಿಯನ್ನು ನಕಲು ಮಾಡಿದ್ದು ಕಾನೂನಿನ ದೃಷ್ಟಿಯಲ್ಲಿ ದೋಷವಲ್ಲ. ದೋಷ ಇರುವುದು ಮಾದರಿಯಲ್ಲಿ ಇಲ್ಲದ, ಸ್ಥಳೀಯವಾಗಿ ಸೇರಿಸಿದ ಸಾಲುಗಳಲ್ಲಿ. ಆದ್ದರಿಂದ ಮಾದರಿ ಬೈಲಾವನ್ನೂ ಕರಡನ್ನೂ ಪಕ್ಕಪಕ್ಕ ಇಟ್ಟು, ಬೇರೆಯಾದ ಸಾಲುಗಳಿಗೆ ಪೆನ್ಸಿಲ್ ಗೆರೆ ಎಳೆಯುವುದರಿಂದ ಕೆಲಸ ಶುರು ಮಾಡಿದೆವು. ಗೆರೆ ಬಿದ್ದ ಸಾಲುಗಳು ಹೆಚ್ಚೇನಿರಲಿಲ್ಲ. ತಕರಾರು ಪೂರ್ತಿ ಅಲ್ಲೇ ಇತ್ತು.

ಕಾಲದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಕರಡಿನ ಮೇಲೆ ಸಾರ್ವಜನಿಕರ ಆಕ್ಷೇಪಣೆಗೆ ನೋಟಿಸಿನಲ್ಲಿ 30 ದಿನ ಎಂದಿತ್ತು. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ಅಧಿಕಾರಿಗೂ 30 ದಿನವಿದೆ. ಎರಡೂ ಒಂದೇ ದಿನ ಶುರುವಾದರೆ ಮಾಹಿತಿ ಬರುವ ಹೊತ್ತಿಗೆ ಆಕ್ಷೇಪಣೆಯ ಬಾಗಿಲು ಮುಚ್ಚಿರುತ್ತದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕುವುದು ಹಾಕಿಯೇ ಬಿಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕರಡನ್ನು ಒಪ್ಪಿದ ಸಭೆಯ ನಡಾವಳಿ ಒಂದರಲ್ಲಿ, ದರ ನಿಗದಿಗೆ ಆಧಾರವಾದ ಖರ್ಚಿನ ಪಟ್ಟಿ ಇನ್ನೊಂದರಲ್ಲಿ ಕೇಳಿ. ಆದರೆ ಉತ್ತರಕ್ಕಾಗಿ ಕಾಯುತ್ತ ಕೂರಬಾರದು. ಆಕ್ಷೇಪಣೆಯನ್ನು ಅವಧಿಯೊಳಗೆ ಕೊಟ್ಟು, ಕೊನೆಗೆ 'ಕೇಳಿದ ದಾಖಲೆ ಬಂದ ನಂತರ ಪೂರಕ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ' ಎಂದು ಬರೆಯುವುದು ಸರಿಯಾದ ದಾರಿ. ಅದರ ಜೊತೆಗೆ ಕಡತ ನೋಡಲು ಅವಕಾಶ ಕೇಳಿ ಬೇರೆ ಪತ್ರ. ಗುಮಾಸ್ತರು ಒಳ್ಳೆಯವರಾಗಿದ್ದರೆ ಅದೇ ದಿನ ನೋಡಲು ಸಿಗುತ್ತದೆ.

ಖರ್ಚಿನ ಪಟ್ಟಿ ಯಾಕೆ ಬೇಕು ಎಂದರೆ ಇಡೀ ವ್ಯವಹಾರದ ನಡುಗಂಬ ಬಳಕೆದಾರರ ಶುಲ್ಕ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ಅನುಚ್ಛೇದ ಹೇಳುತ್ತದೆ. ನಗರ ಸಂಸ್ಥೆಗಳಿಗೆ ತೆರಿಗೆ, ಶುಲ್ಕ ಹಾಕುವ ಅಧಿಕಾರವನ್ನು ವಿಧಾನಮಂಡಲವೇ ಕಾನೂನಿನ ಮೂಲಕ ಕೊಡಬೇಕು ಎಂದು 243ಎಕ್ಸ್ ಹೇಳುತ್ತದೆ. ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 1954ರಲ್ಲಿ, ನಮ್ಮದೇ ಕರಾವಳಿಯ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಶುಲ್ಕವೆಂದರೆ ಕೊಟ್ಟ ಸೇವೆಗೆ ಪ್ರತಿಯಾಗಿ ಪಡೆಯುವುದು. ಮುಂದಿನ ತೀರ್ಪುಗಳು ಇದನ್ನು ಸಡಿಲಿಸಿವೆ: ಪೈಸೆಗೆ ಪೈಸೆ ಲೆಕ್ಕ ತಾಳೆಯಾಗಬೇಕಿಲ್ಲ, ಸೇವೆಯ ಖರ್ಚಿಗೂ ವಸೂಲಿಗೂ ಒಟ್ಟಾರೆ ಸಂಬಂಧ ಇದ್ದರೆ ಸಾಕು. ಹಾಗಾಗಿ 'ದರ ಜಾಸ್ತಿಯಾಯಿತು' ಎನ್ನುವ ಆಕ್ಷೇಪಣೆ ಎಲ್ಲೂ ನಿಲ್ಲುವುದಿಲ್ಲ. 'ಗಾಡಿ, ಡೀಸೆಲ್, ಸಂಬಳ, ವಿಲೇವಾರಿ ಘಟಕದ ಖರ್ಚು ಇಷ್ಟು, ಇದರಲ್ಲಿ ಸರ್ಕಾರದ ಅನುದಾನ ಇಷ್ಟು, ಪಟ್ಟಿಯಂತೆ ವಸೂಲಾಗುವುದು ಇಷ್ಟು' ಎಂದು ಅವರದೇ ಅಂಕಿಯಿಂದ ತೋರಿಸಿದರೆ ನಿಲ್ಲುತ್ತದೆ. ಆಸ್ತಿ ತೆರಿಗೆಯ ಚಲನ್ನನ್ನೂ ತೆಗೆದು ನೋಡಿ. ಅದರಲ್ಲಿ ಘನತ್ಯಾಜ್ಯದ ಸೆಸ್ ಈಗಾಗಲೇ ಇದ್ದು, ಬೈಲಾ ಅದೇ ಮನೆಗೆ ಅದೇ ಗಾಡಿಗಾಗಿ ಇನ್ನೊಂದು ಶುಲ್ಕ ಹಾಕಿದರೆ ಒಂದು ಸೇವೆಗೆ ಎರಡು ವಸೂಲಿ. ಚಲನ್ನಿನ ಜೆರಾಕ್ಸ್ ಅಂಟಿಸಿದರೆ ಮುಗಿಯಿತು, ವಾದ ಬೇಕಿಲ್ಲ.

ಆಗ ಜಾರಿಯಲ್ಲಿದ್ದ 2016ರ ನಿಯಮಗಳ 15ನೇ ನಿಯಮ ಸ್ಥಳೀಯ ಸಂಸ್ಥೆಗೆ ಬಳಕೆದಾರರ ಶುಲ್ಕ ನಿಗದಿ ಮಾಡುವ ಕೆಲಸ ಕೊಟ್ಟಿತ್ತು, ಸ್ಥಳದಲ್ಲೇ ದಂಡ ಹಾಕುವುದಕ್ಕೆ ಮಾನದಂಡ ಮಾಡಲೂ ಹೇಳಿತ್ತು. ಆದ್ದರಿಂದ 'ಶುಲ್ಕವನ್ನೇ ಹಾಕುವಂತಿಲ್ಲ' ಎಂದು ಹೊರಟವರು ಮೊದಲ ಹೆಜ್ಜೆಯಲ್ಲೇ ಸೋಲುತ್ತಾರೆ. ನಮ್ಮಲ್ಲೂ ಕೆಲವರಿಗೆ ಅದೇ ಹಟವಿತ್ತು. ಅದನ್ನು ಬಿಡಿಸಲು ಕರಡು ಓದಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಧಿಕಾರ ಕೊಟ್ಟಿರುವುದು ಶುಲ್ಕಕ್ಕೆ; ಶುಲ್ಕದ ಹೆಸರಿನಲ್ಲಿ ಇನ್ನೇನನ್ನೋ ಮಾಡಲು ಅಲ್ಲ. ಕಾಯ್ದೆ ಸ್ಪಷ್ಟವಾಗಿ ಕೊಡದ ಶುಲ್ಕವನ್ನು ಅಧೀನ ಸಂಸ್ಥೆ ತಾನಾಗಿ ಊಹಿಸಿಕೊಂಡು ಹಾಕುವಂತಿಲ್ಲ ಎನ್ನುವುದು ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ 1992ರ ಪ್ರಕರಣದಿಂದ ಇತ್ಯರ್ಥವಾದ ಮಾತು. ನಮ್ಮ ಕರಡಿನಲ್ಲಿ ಕಸದ ಶುಲ್ಕದ ಕೆಳಗೇ 'ಮಾರುಕಟ್ಟೆ ಅಭಿವೃದ್ಧಿ ವಂತಿಗೆ' ಎಂಬ ಸಾಲು ಸದ್ದಿಲ್ಲದೆ ಕುಳಿತಿತ್ತು. ಬೈಲಾ ಮಾಡಬಹುದಾದ ವಿಷಯಗಳ 324ನೇ ಪ್ರಕರಣದ ಪಟ್ಟಿಯಲ್ಲೂ ಅದಿರಲಿಲ್ಲ, 15ನೇ ನಿಯಮದಲ್ಲೂ ಇರಲಿಲ್ಲ.

ಇನ್ನು ಮೀನು ಮಾರುವ ಹೆಂಗಸರ ವಿಷಯ. ಕರಡಿನ ಪಟ್ಟಿಯಲ್ಲಿ ಬುಟ್ಟಿ ಇಟ್ಟು ಕೂರುವವರಿಗೂ ಶಟರ್ ಇರುವ ಅಂಗಡಿಗೂ ಒಂದೇ ದರ, ವರ್ಷದ ಹನ್ನೆರಡು ತಿಂಗಳೂ. ಓದಿ ಹೇಳಿದಾಗ ಒಬ್ಬರು ಕೇಳಿದ್ದು ಇಷ್ಟೆ: "ಜೂನ್ ಜುಲೈಲಿ ಮೀನೇ ಇರೂದಿಲ್ಲ, ಕಸ ಎಲ್ಲಿಂದ ಬರೂದು ತಮ್ಮಾ?" ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರವೇ ನಿಷೇಧ ಹಾಕುತ್ತದೆ. ಸರ್ಕಾರದ ಒಂದು ಆದೇಶದಿಂದ ವ್ಯಾಪಾರ ಇಳಿಯುವ ತಿಂಗಳುಗಳಿಗೂ ಪೂರ್ತಿ ಶುಲ್ಕ ಹಾಕುವುದು ವಿವೇಚನೆಯಿಲ್ಲದ ನಿಯಮ ಎಂದು ಬರೆದು, ಮೀನುಗಾರಿಕೆ ಇಲಾಖೆಯ ನಿಷೇಧ ಆದೇಶದ ಪ್ರತಿ ಲಗತ್ತಿಸಿದೆವು. ನಾವು ಬರೆದ ಕಾನೂನಿನ ಮಾತುಗಳಿಗಿಂತ ಆ ಲಗತ್ತು ಹೆಚ್ಚು ಕೆಲಸ ಮಾಡಿತು.

ಅದರ ಮುಂದಿನ ಕಲಮು ಇನ್ನೂ ಕೆಟ್ಟದ್ದು: ಶುಲ್ಕ ಕಟ್ಟದವರ ಬುಟ್ಟಿ, ತಕ್ಕಡಿ, ಮಾಲು ಜಪ್ತಿ; ಬಾಕಿ ತೀರಿಸಿದ ಮೇಲೆ ವಾಪಸು. ಬೀದಿಬದಿ ವ್ಯಾಪಾರಿಗಳ 2014ರ ಕೇಂದ್ರ ಕಾಯ್ದೆ ಜಪ್ತಿಯ ಬಗ್ಗೆ 19ನೇ ಪ್ರಕರಣದಲ್ಲಿ ಬೇರೆಯೇ ಹೇಳುತ್ತದೆ. ಜಪ್ತಿ ಮಾಡಿದ ಮಾಲಿನ ಪಟ್ಟಿ ಮಾಡಿ ಪ್ರತಿ ಕೊಡಬೇಕು. ಕೆಡದ ಮಾಲಾದರೆ ಕೇಳಿಕೊಂಡ ಎರಡು ಕೆಲಸದ ದಿನದೊಳಗೆ, ಕೆಡುವ ಮಾಲಾದರೆ ಕೇಳಿದ ದಿನವೇ ವಾಪಸು ಕೊಡಬೇಕು. ಬಂಗಡೆ, ತಾರ್ಲೆ ಬಾಕಿ ತೀರುವ ತನಕ ಕಾಯುತ್ತವೆಯೇ? ಬೈಲಾ ಕೇಂದ್ರ ಕಾಯ್ದೆಗೆ ಅಡ್ಡ ಬಂದರೆ ಕಾಯ್ದೆಯೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಇದೇ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಲ್ಲಿ ವ್ಯಾಪಾರಿಗಳ ಪಾಲು ಶೇ. 40ಕ್ಕೆ ಕಡಿಮೆ ಇರಬಾರದು. ವ್ಯಾಪಾರಿಗಳನ್ನು ತಟ್ಟುವ ಈ ಕಲಮುಗಳನ್ನು ಆ ಸಮಿತಿಯ ಮುಂದೆ ಇಟ್ಟಿದ್ದೀರಾ ಎಂದು ಒಂದು ಸಾಲಿನಲ್ಲಿ ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಬರಲಿಲ್ಲ. ಬಾರದ ಉತ್ತರವೂ ಕಡತದಲ್ಲಿ ಉಳಿಯುತ್ತದೆ, ಮುಂದೆ ಕೆಲಸಕ್ಕೆ ಬರುತ್ತದೆ.

ಕರಡುಗಳಲ್ಲಿ ಹುಡುಕಲೇಬೇಕಾದ ಪದ 'ಕಾಲಕಾಲಕ್ಕೆ'. 'ಮುಖ್ಯಾಧಿಕಾರಿಯವರು ಕಾಲಕಾಲಕ್ಕೆ ನಿಗದಿಪಡಿಸುವ ದರದಂತೆ' ಎಂದಿದ್ದರೆ ಎಚ್ಚರ. ದರ ನಿಗದಿಯ ಕೆಲಸ ಕಾಯ್ದೆ ಕೊಟ್ಟಿರುವುದು ಪುರಸಭೆಗೆ. ಪುರಸಭೆ ತನಗೆ ಬಂದ ಅಧಿಕಾರವನ್ನು ಕಾಯ್ದೆಯ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕೈಗೆ ದಾಟಿಸುವಂತಿಲ್ಲ. ಈ ಒಂದು ಪದ ಒಳಗೆ ಹೊಕ್ಕರೆ ಇವತ್ತಿನ ದರಪಟ್ಟಿಗೆ ಬೆಲೆಯೇ ಇಲ್ಲ. ಮುಂದಿನ ಬದಲಾವಣೆಗೆ ಕರಡೂ ಇಲ್ಲ, ಆಕ್ಷೇಪಣೆಯೂ ಇಲ್ಲ. ಜೊತೆಗೆ ಜಾರಿಯ ದಿನಾಂಕ ನೋಡಿ. ನಮ್ಮದರಲ್ಲಿ ಕಳೆದುಹೋದ ಏಪ್ರಿಲ್ 1 ಎಂದಿತ್ತು, ಲೆಕ್ಕಪತ್ರದ ವರ್ಷಕ್ಕೆ ಹೊಂದಲಿ ಎಂದು. ಮೂಲ ಕಾಯ್ದೆ ಅವಕಾಶ ಕೊಡದೆ ಅಧೀನ ನಿಯಮವನ್ನು ಹಿಂದಿನ ದಿನಾಂಕದಿಂದ ಜಾರಿ ಮಾಡಲು ಬರುವುದಿಲ್ಲ. 'ಈ ಬೈಲಾವನ್ನು ಯಾವುದೇ ನ್ಯಾಯಾಲಯದಲ್ಲಿ ಪ್ರಶ್ನಿಸತಕ್ಕದ್ದಲ್ಲ' ಎಂಬ ಸಾಲು ಕೂಡ ಇತ್ತು. ಹೈಕೋರ್ಟಿನ ಬಾಗಿಲನ್ನು ಪುರಸಭೆ ಮುಚ್ಚುವುದು! ಅದರ ಮೇಲೆ ಶಾಯಿ ಖರ್ಚು ಮಾಡುವ ಅಗತ್ಯವಿಲ್ಲ, ಒಂದು ವಾಕ್ಯ ಸಾಕು.

ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆದಾರನಿಗೆ ಕೊಡುವ ಕಲಮು ಇದ್ದರೆ ಅದನ್ನು ಎರಡು ಸಲ ಓದಬೇಕು. ಜಲಾಲಾಬಾದ್ ಊರಿನ ಸ್ಥಳೀಯ ಸಂಸ್ಥೆಯಾದ ಟೌನ್ ಏರಿಯಾ ಕಮಿಟಿಯ ವಿರುದ್ಧ ತರಕಾರಿ ಸಗಟು ವ್ಯಾಪಾರಿ ಮೊಹಮ್ಮದ್ ಯಾಸೀನ್ ಹೋದ 1952ರ ಪ್ರಕರಣ ಇದಕ್ಕೆ ಕೈದೀಪ. ಅಲ್ಲಿಯ ಬೈಲಾದಿಂದ ಊರಿನ ತರಕಾರಿ, ಹಣ್ಣಿನ ಸಗಟು ವ್ಯಾಪಾರವೆಲ್ಲ ಒಬ್ಬ ಗುತ್ತಿಗೆದಾರನ ಮುಷ್ಟಿಗೆ ಹೋಗಿತ್ತು. ಕಾಯ್ದೆ ಕೊಟ್ಟಿದ್ದು ಕಮಿಟಿಯ ಜಾಗವನ್ನು ಬಳಸಿದ್ದಕ್ಕೆ ಶುಲ್ಕ ಪಡೆಯುವ ಅಧಿಕಾರ ಮಾತ್ರ, ವ್ಯಾಪಾರದ ಮೇಲೆ ಅಲ್ಲ. ಕೋರ್ಟು ಆ ಬೈಲಾವನ್ನು ನಿಲ್ಲಗೊಡಲಿಲ್ಲ. ರಸೀದಿ ಬರೆಯಲು ಗುತ್ತಿಗೆದಾರನ ಹುಡುಗರು ಬಂದರೆ ಆಕ್ಷೇಪಿಸಲು ಹೆಚ್ಚಿಲ್ಲ. ಯಾರು ಕೂರಬೇಕು, ಎಲ್ಲಿ ಕೂರಬೇಕು, ಎಷ್ಟು ದಂಡ ಎಂದು ಅವರೇ ಹೇಳತೊಡಗಿದರೆ ಅದು ಯಾಸೀನ್ ಪ್ರಕರಣದ ದಾರಿ.

ಆಕ್ಷೇಪಣೆ ಬರೆಯುವ ರೀತಿಯಲ್ಲೇ ಅರ್ಧ ಗೆಲುವು ಇದೆ. ನೂರಾರು ಸಹಿ ಹಾಕಿದ ಒಂದು ಮನವಿ ಕಚೇರಿಯಲ್ಲಿ ಒಂದೇ ಆಕ್ಷೇಪಣೆ. ಸಭೆಯ ಮುಂದೆ ಇಡುವ ಟಿಪ್ಪಣಿಯಲ್ಲಿ ಅದು 'ದರ ಇಳಿಸಲು ಸಾರ್ವಜನಿಕರ ಕೋರಿಕೆ' ಎಂಬ ಅರ್ಧ ಸಾಲಾಗಿಬಿಡುತ್ತದೆ. ಅದಕ್ಕೆ ನಾವು ಕಲಮಿಗೊಂದು ಹಾಳೆ ಮಾಡಿದೆವು: ಮೇಲೆ ಕಲಮಿನ ನಂಬರು ಮತ್ತು ಪೂರ್ತಿ ಪಾಠ, ಕೆಳಗೆ ಅದಕ್ಕೆ ಆಧಾರವೆಂದು ಹೇಳಬಹುದಾದ ಕಾಯ್ದೆಯ ಪ್ರಕರಣ, ಅದನ್ನು ಮೀರಿದ್ದು ಎಲ್ಲಿ, ಬದಲಿಗೆ ಇರಬೇಕಾದ ವಾಕ್ಯ. ಕೊನೆಯದು ಬಹಳ ಮುಖ್ಯ. ಸದಸ್ಯರಿಗೆ 'ಇದು ಬೇಡ' ಎನ್ನುವುದಕ್ಕಿಂತ 'ಇದರ ಬದಲು ಇದು' ಎನ್ನುವುದು ಸುಲಭ. ಬಾಬ್ತು ಬೇರೆ ಬೇರೆಯಾಗಿರುವುದರಿಂದ ಇನ್ನೊಂದು ಲಾಭವೂ ಇದೆ. ಮುಂದೆ ಕೋರ್ಟಿಗೆ ಹೋದರೆ ಕೆಟ್ಟ ಭಾಗವನ್ನು ಒಳ್ಳೆಯದರಿಂದ ಬೇರ್ಪಡಿಸಲು ಬಂದರೆ ಅಷ್ಟನ್ನೇ ಕಿತ್ತು ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ, ಇಡೀ ಬೈಲಾ ಬೀಳುವುದು ಅಪರೂಪ. ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ನಂಬರು, ದಿನಾಂಕ, ಮೊಹರು ಹಾಕಿಸಿಕೊಳ್ಳಬೇಕು. 'ಸಾಹೇಬರು ಬರಲಿ, ಆಮೇಲೆ ಹಾಕ್ತೇವೆ' ಎಂದರೆ ಜಗಳ ಬೇಡ. ಹೊರಗೆ ಬಂದು ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಸಭೆಯಲ್ಲಿ ನಮ್ಮನ್ನು ಕರೆದು ಕೇಳಬೇಕೆಂಬ ಹಕ್ಕು ಇದೆಯೇ ಎಂದು ಅನೇಕರು ಕೇಳುತ್ತಾರೆ. ನಿಯಮ ಮಾಡುವುದು ಶಾಸನದ ಸ್ವರೂಪದ ಕೆಲಸ. ಕಾಯ್ದೆಯೇ ಹೇಳದಿದ್ದರೆ ಬಾಯಿಮಾತಿನ ವಿಚಾರಣೆಯ ಹಕ್ಕಿಲ್ಲ. ಸೈನಮೈಡ್ ಇಂಡಿಯಾ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1987ರ ತೀರ್ಪು ಇದನ್ನು ಖಡಾಖಂಡಿತ ಹೇಳಿದೆ. ಆದರೆ ಆಕ್ಷೇಪಣೆ ಕರೆದ ಮೇಲೆ ಅದನ್ನು ಪರಿಗಣಿಸಲೇಬೇಕು, ಪರಿಗಣಿಸಿದ್ದು ನಡಾವಳಿಯಲ್ಲಿ ಕಾಣಬೇಕು. 'ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ತಿರಸ್ಕರಿಸಲಾಯಿತು' ಎಂದಷ್ಟೇ ಠರಾವು ಇದ್ದರೆ ಅದರ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ನಿಮ್ಮ ಹಾಳೆಗಳ ಜೊತೆ ಪಿನ್ ಮಾಡಿ. ಅಜೆಂಡಾವನ್ನೂ ಕೇಳಿ: ವಿಷಯ ಮೊದಲೇ ಪಟ್ಟಿಯಲ್ಲಿತ್ತೋ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ'ದಲ್ಲಿ ನುಸುಳಿತೋ? ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವಾಗ ಬೈಲಾ ಬಂದರೆ ಚರ್ಚೆ ಎಂಬುದೇ ಇರುವುದಿಲ್ಲ. ಆಗ ಬರಹದ ಆಕ್ಷೇಪಣೆಯೊಂದೇ ಕಡತದಲ್ಲಿ ಉಳಿಯುವ ಎದುರು ದನಿ.

ಬೈಲಾ ಸರ್ಕಾರದ ಮಂಜೂರಾತಿಗೆ ಹೋಗುವ ಮುನ್ನ ಜಿಲ್ಲೆಯಲ್ಲಿ ಒಂದು ನಿಲ್ದಾಣವಿದೆ. 1964ರ ಕಾಯ್ದೆಯ 306ನೇ ಪ್ರಕರಣದಂತೆ ಪುರಸಭೆಯ ಠರಾವು ಕಾನೂನುಬಾಹಿರವೆಂದು ಕಂಡರೆ ಜಿಲ್ಲಾಧಿಕಾರಿ ಅದರ ಜಾರಿಯನ್ನು ತಡೆದು ಸರ್ಕಾರಕ್ಕೆ ವರದಿ ಮಾಡಬಹುದು. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ನಾವು ಮೂರೇ ವಿಷಯ ಇಟ್ಟೆವು: ವಂತಿಗೆ, ಜಪ್ತಿ, 'ಕಾಲಕಾಲಕ್ಕೆ'. ದರದ ಮಾತು ಎತ್ತಲಿಲ್ಲ. ಈ ಹಂತದಲ್ಲಿ ದರ ಎತ್ತಿದರೆ ಇಡೀ ಅರ್ಜಿ ದರದ ಅರ್ಜಿಯಾಗಿ, ಅಭಿಪ್ರಾಯಕ್ಕೆಂದು ಅದೇ ಪುರಸಭೆಗೆ ವಾಪಸು ಹೋಗುತ್ತದೆ. ಕಾನೂನಿನ ಪ್ರಶ್ನೆಯನ್ನು ಹಣದ ಪ್ರಶ್ನೆಯಿಂದ ಬೇರೆ ಇಡುವುದು ಎಲ್ಲ ಹಂತದಲ್ಲೂ ಒಳ್ಳೆಯದು, ಇಲ್ಲಂತೂ ಅನಿವಾರ್ಯ.

ಪಂಚಾಯತಿಯಲ್ಲಾದರೆ ಅಧಿಕಾರದ ಮೂಲ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ. ತೆರಿಗೆ, ಶುಲ್ಕಕ್ಕೆ 199ನೇ ಪ್ರಕರಣ, ಕಾನೂನುಬಾಹಿರ ಠರಾವನ್ನು ತಡೆಯಲು 237. ಸಮುದ್ರ ದಂಡೆಯ ಊರುಗಳಲ್ಲಿ ವಾಹನ ನಿಲುಗಡೆ ಶುಲ್ಕದ್ದೇ ದೊಡ್ಡ ತಕರಾರು. ಅಲ್ಲಿ ಬೈಲಾಕ್ಕಿಂತ ಮೊದಲು ಜಾಗದ ಪಹಣಿ ತೆಗೆಸಿ. ಪಂಚಾಯತಿಯ ಹೆಸರಿನಲ್ಲೂ ಇಲ್ಲದ, ಪಂಚಾಯತಿಗೆ ವಹಿಸಿಯೂ ಕೊಡದ ಜಾಗಕ್ಕೆ ಪಂಚಾಯತಿ ರಸೀದಿ ಹರಿಯುತ್ತಿದ್ದರೆ ಉಳಿದ ವಾದ ತನ್ನಿಂದ ತಾನೇ ಚಿಕ್ಕದಾಗುತ್ತದೆ.

ಮಂಜೂರಾತಿ ಬಂದ ಮೇಲೆ ಪ್ರಕಟಣೆ. ಇದನ್ನು ಬರೀ ಶಾಸ್ತ್ರ ಎಂದುಕೊಳ್ಳಬೇಡಿ. ಜೈಪುರ ಸಂಸ್ಥಾನದ ಮಂತ್ರಿ ಪರಿಷತ್ತು 1923ರಲ್ಲಿ ಒಂದು ಠರಾವಿನಿಂದ ಅಫೀಮು ಕಾನೂನು ಮಾಡಿತ್ತು, ಆದರೆ ಎಲ್ಲೂ ಪ್ರಕಟಿಸಿರಲಿಲ್ಲ. ಅದರಡಿ ಹರ್ಲಾ ಎಂಬವನಿಗೆ 50 ರೂಪಾಯಿ ದಂಡ ಬಿತ್ತು. 1951ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು: ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿದ ಠರಾವು ಜನರಿಗೆ ತಿಳಿಸದೆ ಕಾನೂನಾಗುವುದಿಲ್ಲ. ಆದರೆ ಪ್ರಕಟಣೆಯಲ್ಲಿ ಸಣ್ಣ ಲೋಪ ಸಿಕ್ಕಿತೆಂದು ಹಿಗ್ಗಲೂ ಬಾರದು. ರಾಂಪುರದ ಮುನಿಸಿಪಲ್ ಬೋರ್ಡಿನ 1965ರ ಪ್ರಕರಣದಲ್ಲಿ ಹಿಂದಿಯ ನೋಟಿಸು ಉರ್ದು ಪತ್ರಿಕೆಯಲ್ಲಿ ಬಂದಿತ್ತು. ಪ್ರಕಟಣೆ ಕಡ್ಡಾಯ, ಆದರೆ ಅದರ ರೀತಿಯಲ್ಲಿ ಒಟ್ಟಾರೆ ಪಾಲನೆ ಸಾಕು ಎಂದು ಕೋರ್ಟು ತೆರಿಗೆಯನ್ನು ಉಳಿಸಿತು. ಹಾಗಾಗಿ ರಾಜ್ಯಪತ್ರದ ಸಂಚಿಕೆ ಹುಡುಕಿ, ದಿನಾಂಕ ಬರೆದಿಟ್ಟುಕೊಳ್ಳಿ. ಅದಕ್ಕೂ ಮುಂಚಿನ ದಿನಾಂಕದ ದಂಡದ ರಸೀದಿ ಯಾರ ಬಳಿಯಾದರೂ ಇದ್ದರೆ ಅದು ಬಂಗಾರ.

ಧಾರವಾಡ ಹೈಕೋರ್ಟ್ ಪೀಠಕ್ಕೆ ಸಂವಿಧಾನದ 226ನೇ ಅನುಚ್ಛೇದದಡಿ ರಿಟ್ ಅರ್ಜಿ ಹಾಕುವುದು ಕೊನೆಯ ಮೆಟ್ಟಿಲು. ಉತ್ತರ ಕನ್ನಡ ಆ ಪೀಠದ ವ್ಯಾಪ್ತಿಯಲ್ಲಿದೆ. ಅರಬೈಲ ಘಟ್ಟ ಹತ್ತಿ ಹೋಗುವ ಮುಂಚೆ ಎರಡು ವಿಷಯ ಖಚಿತವಿರಲಿ. ಕರಡಿನ ವಿರುದ್ಧ ಹೋದರೆ 'ಇನ್ನೂ ಕಾಲ ಬಂದಿಲ್ಲ' ಎಂದು ಕಳಿಸುವುದೇ ಹೆಚ್ಚು. ಮತ್ತು ನಿಯಮ ಜಾಣತನದ್ದೋ ದಡ್ಡತನದ್ದೋ ಎಂದು ಕೋರ್ಟು ನೋಡುವುದಿಲ್ಲ. ಇಂಗ್ಲೆಂಡಿನ ಕೆಂಟ್ ಕೌಂಟಿ ಕೌನ್ಸಿಲ್ ಮನೆಗಳ 50 ಗಜದೊಳಗೆ ಹಾಡಬಾರದೆಂದು ಮಾಡಿದ ಬೈಲಾವನ್ನು 1898ರಲ್ಲೇ ಅಲ್ಲಿಯ ಕೋರ್ಟು ಎತ್ತಿ ಹಿಡಿದು, ಜನರು ಆರಿಸಿದ ಸಂಸ್ಥೆಯ ನಿಯಮವನ್ನು ಔದಾರ್ಯದಿಂದ ಓದಬೇಕು ಎಂದಿತ್ತು. ಪಕ್ಷಪಾತ, ದುರುದ್ದೇಶ, ದಬ್ಬಾಳಿಕೆ ಇದ್ದರೆ ಮಾತ್ರ ಕೈ ಹಾಕಬೇಕು. ನಮ್ಮಲ್ಲಿ ತಮಿಳುನಾಡು ಸರ್ಕಾರ ಮತ್ತು ಪಿ. ಕೃಷ್ಣಮೂರ್ತಿ ನಡುವಿನ 2006ರ ತೀರ್ಪಿನಲ್ಲಿ ಆಧಾರಗಳು ಒಟ್ಟಿಗೆ ಸಿಗುತ್ತವೆ: ನಿಯಮ ಮಾಡುವ ಅಧಿಕಾರವೇ ಇಲ್ಲದಿರುವುದು, ಮೂಲಭೂತ ಹಕ್ಕಿನ ಭಂಗ, ಸಂವಿಧಾನದ ಉಲ್ಲಂಘನೆ, ಮೂಲ ಕಾಯ್ದೆಯನ್ನು ಮೀರಿದ್ದು, ಬೇರೆ ಕಾನೂನಿಗೆ ವಿರುದ್ಧವಾಗಿರುವುದು, ಎದ್ದು ಕಾಣುವ ಮನಸೋಇಚ್ಛೆ. ವಕೀಲರ ಹತ್ತಿರ ಹೋಗುವಾಗ ಕಲಮಿನ ಹಾಳೆಗಳ ಮೇಲೆ ಇವುಗಳಲ್ಲಿ ಯಾವುದು ಎಂದು ಬರೆದು ಒಯ್ದರೆ ಅವರ ಹೊತ್ತೂ ಉಳಿಯುತ್ತದೆ, ನಮ್ಮ ಫೀಯೂ.

ವಿಧಾನಮಂಡಲಕ್ಕೆ ಅಧೀನ ಶಾಸನ ರಚನಾ ಸಮಿತಿ ಎಂಬುದೊಂದಿದೆ. ಅದು ಮುಖ್ಯವಾಗಿ ಸರ್ಕಾರ ಮಾಡುವ ನಿಯಮಗಳನ್ನು ನೋಡುತ್ತದೆ. ಊರಿನ ಬೈಲಾ ಅಲ್ಲಿಗೆ ತಲುಪಿ ಉಪಕಾರವಾದೀತೆಂದು ನೆಚ್ಚಿಕೊಳ್ಳುವಂತಿಲ್ಲ, ಶಾಸಕರಿಗೆ ಒಂದು ಪ್ರತಿ ಕೊಟ್ಟರೆ ನಷ್ಟವೂ ಇಲ್ಲ.

ನಮ್ಮ ವಿಷಯದಲ್ಲಿ ಅಂತಿಮ ಪಾಠದಿಂದ ವಂತಿಗೆ, ಹಿಂದಿನ ದಿನಾಂಕ, ಕೋರ್ಟಿನ ಸಾಲು ಹೋದವು. ಜಪ್ತಿಯ ಕಲಮಿಗೆ '2014ರ ಕಾಯ್ದೆಗೆ ಒಳಪಟ್ಟು' ಎಂಬ ಬಾಲ ಬಂತು. ಬುಟ್ಟಿಯವರಿಗೆ ಬೇರೆ ದರವಾಯಿತು, ನಿಷೇಧದ ಎರಡು ತಿಂಗಳು ಬಿಟ್ಟರು. 'ಕಾಲಕಾಲಕ್ಕೆ' ಮಾತ್ರ ಮುಖ್ಯಾಧಿಕಾರಿಯ ಜಾಗದಲ್ಲಿ ಪುರಸಭೆಯ ಹೆಸರು ಹೊತ್ತು ಉಳಿಯಿತು. ಅದರ ಬೆನ್ನು ಹಿಡಿದು ಮುಂದಿನ ಬಜೆಟ್ ಸಭೆಯಲ್ಲಿ ಒಂದು ಸಾದಾ ಠರಾವಿನಿಂದ ಅಂಗಡಿಗಳ ದರ ಏರಿಸಿದ್ದಾರೆ. ದರಪಟ್ಟಿ ಬೈಲಾದ ಅನುಬಂಧ, ಅಂದರೆ ಬೈಲಾದ್ದೇ ಭಾಗ. ನಿಯಮ ಮಾಡುವ ಅಧಿಕಾರದಲ್ಲೇ ತಿದ್ದುವ ಅಧಿಕಾರವೂ ಇದೆ, ಆದರೆ ಮಾಡಿದ ಕ್ರಮದಲ್ಲೇ ತಿದ್ದಬೇಕು ಎನ್ನುವುದು ಕಾನೂನುಗಳನ್ನು ಹೇಗೆ ಓದಬೇಕೆಂದು ಹೇಳುವ ಜನರಲ್ ಕ್ಲಾಸಸ್ ಕಾಯ್ದೆಯ ತತ್ವ: ಮತ್ತೆ ಕರಡು, ಮತ್ತೆ ಆಕ್ಷೇಪಣೆ, ಮತ್ತೆ ಮಂಜೂರಾತಿ, ಮತ್ತೆ ರಾಜ್ಯಪತ್ರ. ಆ ಠರಾವಿನ ದೃಢೀಕೃತ ಪ್ರತಿ ತೆಗೆದಾಗಿದೆ, 306ರ ಎರಡನೇ ಅರ್ಜಿ ಜಿಲ್ಲಾಧಿಕಾರಿ ಕಚೇರಿಯ ಟಪಾಲಿನಲ್ಲಿದೆ. ಅಂಗಡಿಯವರಿಗೆ ಹೇಳಿರುವುದು ಇಷ್ಟು: ಹಳೆಯ ದರವನ್ನು ತಪ್ಪದೆ ಕಟ್ಟಿ, ಹೆಚ್ಚಿನದನ್ನು ಕೇಳಿದರೆ 'ತಕರಾರಿಗೆ ಒಳಪಟ್ಟು' ಎಂದು ರಸೀದಿಯ ಮೇಲೆ ಬರೆದು ಕಟ್ಟಿ, ಬಿಲ್ಲು ಬಿಸಾಡಬೇಡಿ.